ಇಲ್ಲದ ಊರಿನ ಸ್ಥಳಪುರಾಣ: ರಾಮದೇವರಬೆಟ್ಟ ಮತ್ತು ‘ಶೋಲೆ’ಯ ರಾಮಗಢ

1. ಪ್ರವೇಶ

ಸ್ಥಳಪುರಾಣವೆಂಬುದು ಜಾನಪದ ಅಧ್ಯಯನದಲ್ಲಿ ಬಹುಕಾಲದಿಂದ ಚರ್ಚಿತವಾಗಿರುವ ಪ್ರಕಾರ. ಒಂದು ಕೆರೆ, ಒಂದು ಕಲ್ಲು, ಒಂದು ಮರ ಅಥವಾ ಒಂದು ಗುಡಿ ಏಕೆ ಅಲ್ಲಿಯೇ ಇದೆ, ಏಕೆ ಹಾಗೆಯೇ ಇದೆ ಎಂಬ ಪ್ರಶ್ನೆಗೆ ಜನಸಮುದಾಯವು ಕಥನದ ಮೂಲಕ ಕೊಟ್ಟುಕೊಳ್ಳುವ ಉತ್ತರವೇ ಸ್ಥಳಪುರಾಣ. ಇಂತಹ ಕಥನಗಳೆಲ್ಲ ಪ್ರಾಚೀನವಾದವು, ದೇವತೆಗಳಿಗೆ ಅಥವಾ ವೀರರಿಗೆ ಸಂಬಂಧಿಸಿದವು, ಆಧುನಿಕತೆಯ ಸಂಪರ್ಕದಿಂದ ಕ್ರಮೇಣ ನಶಿಸುತ್ತಿರುವಂಥವು ಎಂಬ ಗ್ರಹಿಕೆ ನಮ್ಮ ವಿದ್ವಾಂಸರಲ್ಲಿಯೂ ಇದೆ. ಈ ಗ್ರಹಿಕೆಯನ್ನು ಮರುಪರಿಶೀಲಿಸುವಂತೆ ಮಾಡುವ ಒಂದು ತಾಣವನ್ನು ಕುರಿತು ಪ್ರಸ್ತುತ ಲೇಖನದಲ್ಲಿ ಚರ್ಚಿಸಲಾಗಿದೆ. ಅದು ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ರಾಮನಗರದ ರಾಮದೇವರಬೆಟ್ಟ. 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ ಎಂಬ ಹಿಂದಿ ಚಲನಚಿತ್ರದ ಬಹುಭಾಗ ಚಿತ್ರಿತವಾದದ್ದು ಈ ಬೆಟ್ಟದ ಪರಿಸರದಲ್ಲಿ. ಅಂದಿನಿಂದ ಈವರೆಗೆ, ಅರ್ಧ ಶತಮಾನ ಕಳೆದರೂ, ಆ ಚಿತ್ರದ ‘ರಾಮಗಢ’ವನ್ನು ಹುಡುಕಿಕೊಂಡು ಜನರು ಇಲ್ಲಿಗೆ ಬರುತ್ತಲೇ ಇದ್ದಾರೆ.

ಈ ಲೇಖಕ ಚಿಕ್ಕೋಡಿ ಸೀಮೆಯವನು. ರಾಮನಗರಕ್ಕೆ ಮೊದಲು ಹೋದದ್ದು ಬೆಟ್ಟವನ್ನು ನೋಡಲೆಂದಲ್ಲ, ಅಲ್ಲಿನ ಜಾನಪದ ಲೋಕವನ್ನು ನೋಡಲೆಂದು. ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತಿನ ಮೂಲಕ 1994ರಲ್ಲಿ ರೂಪಿಸಿದ ಆ ಸಂಗ್ರಹಾಲಯದಲ್ಲಿ ಬೇಸಾಯದ ಮುಟ್ಟುಗಳಿವೆ, ತೊಗಲುಗೊಂಬೆಗಳಿವೆ, ಸೋಮನ ಮುಖವಾಡಗಳಿವೆ, ವಾದ್ಯಗಳಿವೆ. ಅವುಗಳನ್ನು ನೋಡಿ ಹೊರಬಂದ ಮೇಲೆ ಸಹಪ್ರಯಾಣಿಕರ ಒತ್ತಾಯಕ್ಕೆ ಬೆಟ್ಟಕ್ಕೆ ಹೋದೆವು. ಅಲ್ಲಿ ಕಂಡದ್ದು ಇದಕ್ಕೆ ತೀರ ವಿರುದ್ಧವಾದ ಸ್ಥಿತಿ. ಜಾನಪದ ಲೋಕದಲ್ಲಿ ವಸ್ತುಗಳಿವೆ. ಅವುಗಳನ್ನು ಬಳಸಿದವರ, ಅವುಗಳ ಕಥೆ ಹೇಳುವವರ ಸಂಖ್ಯೆ ಕುಗ್ಗುತ್ತಿದೆ. ಬೆಟ್ಟದ ಬುಡದಲ್ಲಿ ಕಥೆ ಹೇಳುವವರಿಗೆ ಕೊರತೆಯಿಲ್ಲ. ಆದರೆ ತೋರಿಸಲು ವಸ್ತುವೇ ಇಲ್ಲ. ಚಿತ್ರಕ್ಕಾಗಿ ಕಟ್ಟಿದ ಹಳ್ಳಿಯನ್ನು ಚಿತ್ರೀಕರಣದ ನಂತರ ಕಳಚಲಾಯಿತು. ಠಾಕೂರನ ಮನೆಯಿಲ್ಲ, ನೀರಿನ ಟ್ಯಾಂಕಿಲ್ಲ, ಮಸೀದಿಯಿಲ್ಲ. ಇರುವುದು ಬಂಡೆಗಳು ಮಾತ್ರ. ಇಲ್ಲದ ಊರೊಂದನ್ನು ನೋಡಲು ಜನ ಬರುತ್ತಾರೆ, ಅದನ್ನು ಬೆರಳು ಮಾಡಿ ತೋರಿಸುವವರೂ ಇದ್ದಾರೆ, ನೋಡಿದೆವೆಂಬ ತೃಪ್ತಿಯಿಂದ ಹಿಂದಿರುಗುವವರೂ ಇದ್ದಾರೆ. ಈ ಕ್ರಿಯೆಯನ್ನು ಜಾನಪದ ದೃಷ್ಟಿಯಿಂದ ಹೇಗೆ ಅರ್ಥೈಸಬೇಕು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

2. ಬೆಟ್ಟದ ಪದರಗಳು

ರಾಮನಗರದ ಪರಿಸರವನ್ನು ಅರಿಯಲು ಅದರ ಹೆಸರುಗಳಿಂದಲೇ ತೊಡಗಬಹುದು. ಟಿಪ್ಪುವಿನ ಕಾಲಕ್ಕೆ ಈ ಸ್ಥಳಕ್ಕೆ ಶಂಷೇರಾಬಾದ್ ಎಂಬ ಹೆಸರಿತ್ತೆಂದು ಹೇಳುವುದುಂಟು. ಶ್ರೀರಂಗಪಟ್ಟಣದ ಪತನದ ತರುವಾಯ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಅದು ಕ್ಲೋಸ್‌ಪೇಟೆಯಾಯಿತು. ಸ್ವಾತಂತ್ರ್ಯಾನಂತರ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಅದೇ ಊರು ಬೆಟ್ಟದ ರಾಮನ ಹೆಸರನ್ನು ಪಡೆಯಿತು. 2007ರಲ್ಲಿ ರಾಮನಗರವು ಜಿಲ್ಲಾ ಕೇಂದ್ರವಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾದರೂ ಊರಿನ ಹೆಸರು ಉಳಿದಿದೆ. ಊರಿನ ಬಾಯಿಂದ ಮರೆಯಾದ ಕ್ಲೋಸ್‌ಪೇಟೆ ಎಂಬ ಹೆಸರು ಭೂವಿಜ್ಞಾನಿಗಳ ಬಾಯಲ್ಲಿ ಇನ್ನೂ ಇದೆ. ಸುಮಾರು 250 ಕೋಟಿ ವರ್ಷಗಳ ಹಿಂದಿನದೆನ್ನಲಾಗುವ, ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಚಾಚಿರುವ ಇಲ್ಲಿನ ಕಣಶಿಲೆಯನ್ನು ಅವರು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಒಂದೇ ಕಲ್ಲು ಭೂವಿಜ್ಞಾನಿಗೆ ಒಂದು, ಭಕ್ತನಿಗೆ ಇನ್ನೊಂದು, ಚಿತ್ರಪ್ರೇಮಿಗೆ ಮತ್ತೊಂದು.

ಭಕ್ತರ ಪದರ ಇವುಗಳಲ್ಲಿ ಬಹು ಹಳೆಯದು. ವನವಾಸದ ಕಾಲದಲ್ಲಿ ಸೀತಾರಾಮಲಕ್ಷ್ಮಣರು ಇಲ್ಲಿ ತಂಗಿದ್ದರೆಂಬುದು ಸ್ಥಳೀಯ ನಂಬಿಕೆ. ಬೆಟ್ಟದ ಮೇಲೆ ಪಟ್ಟಾಭಿರಾಮನ ಗುಡಿಯಿದೆ. ಸುಗ್ರೀವನೇ ಆ ಮೂರ್ತಿಯನ್ನು ಪ್ರತಿಷ್ಠಾಪಿಸಿದನೆಂಬ ಐತಿಹ್ಯವಿದೆ. ಬಂಡೆಗಳ ನಡುವಿನ ರಾಮತೀರ್ಥವು ಬೇಸಿಗೆಯಲ್ಲಿಯೂ ಬತ್ತುವುದಿಲ್ಲವೆಂದು ಹೇಳುತ್ತಾರೆ. ಸಾಲಾಗಿ ನಿಂತ ಏಳು ಬಂಡೆಗಳನ್ನು ಸಪ್ತರ್ಷಿಗಳೆಂದು ಗುರುತಿಸುತ್ತಾರೆ. ರಾಮನು ಕಾಕಾಸುರನನ್ನು ಶಿಕ್ಷಿಸಿದ್ದು ಇಲ್ಲಿಯೇ, ಆದ್ದರಿಂದ ಈ ಬೆಟ್ಟದ ಮೇಲೆ ಕಾಗೆ ಸುಳಿಯುವುದಿಲ್ಲ ಎಂಬುದು ಇನ್ನೊಂದು ಹೇಳಿಕೆ. ಈ ಕೊನೆಯ ಐತಿಹ್ಯದ ರಚನೆಯನ್ನು ಗಮನಿಸಬೇಕು. ಇಲ್ಲಿ ಕಥನವು ಕಣ್ಣಿಗೆ ಕಾಣುವ ಒಂದು ಗುರುತನ್ನು ವಿವರಿಸುತ್ತಿಲ್ಲ, ಕಾಣದಿರುವುದನ್ನು ವಿವರಿಸುತ್ತಿದೆ. ಕಾಗೆಯ ಗೈರುಹಾಜರಿಯೇ ರಾಮನು ಇಲ್ಲಿದ್ದುದಕ್ಕೆ ಸಾಕ್ಷಿಯಾಗುತ್ತದೆ. ಇಲ್ಲದಿರುವಿಕೆಯನ್ನೇ ಆಧಾರವಾಗಿ ಮಾಡಿಕೊಳ್ಳುವ ಈ ಕ್ರಮವು ‘ಶೋಲೆ’ಗೆ ಸಂಬಂಧಿಸಿದ ಕಥನಗಳಿಗಿಂತ ಮೊದಲೇ ಈ ಬೆಟ್ಟದಲ್ಲಿತ್ತು ಎಂಬುದು ಮುಂದಿನ ಚರ್ಚೆಗೆ ಮುಖ್ಯ.

3. ರಾಮಗಢವನ್ನು ಕಟ್ಟಿದ್ದು, ಕಳಚಿದ್ದು

ಚಿತ್ರದ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅಗತ್ಯ. ‘ಶೋಲೆ’ಯ ನಿರ್ಮಾಪಕರು ಜಿ.ಪಿ. ಸಿಪ್ಪಿ, ನಿರ್ದೇಶಕರು ರಮೇಶ್ ಸಿಪ್ಪಿ, ಕಥೆ ಮತ್ತು ಸಂಭಾಷಣೆ ಸಲೀಂ–ಜಾವೇದ್ ಜೋಡಿಯದು, ಛಾಯಾಗ್ರಹಣ ದ್ವಾರಕಾ ದಿವೇಚಾ ಅವರದು. ಅದುವರೆಗೆ ಹಿಂದಿಯ ಡಕಾಯಿತ ಚಿತ್ರಗಳ ಹಿನ್ನೆಲೆ ಸಾಮಾನ್ಯವಾಗಿ ಚಂಬಲ್ ಕಣಿವೆಯದಾಗಿರುತ್ತಿತ್ತು. ಅದಕ್ಕಿಂತ ಭಿನ್ನವಾದ ಭೂದೃಶ್ಯವನ್ನು ನಿರ್ದೇಶಕರು ಬಯಸಿದರು. ಕಲಾನಿರ್ದೇಶಕ ರಾಮ್ ಯಡೇಕರ್ ಅವರ ಶೋಧದಿಂದ ರಾಮನಗರದ ಬಂಡೆಗಳು ಆಯ್ಕೆಯಾದವು. ಹೆದ್ದಾರಿಯಿಂದ ಬೆಟ್ಟದ ಬುಡಕ್ಕೆ ದಾರಿ ಮಾಡಲಾಯಿತು, ಅಲ್ಲಿ ಇಡೀ ಹಳ್ಳಿಯೊಂದನ್ನು ಕಟ್ಟಲಾಯಿತು. 1973ರ ಅಕ್ಟೋಬರ್‌ನಲ್ಲಿ ಚಿತ್ರೀಕರಣ ಆರಂಭವಾಯಿತು. ಇಲ್ಲಿ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಚಿತ್ರದ ಎಲ್ಲ ಭಾಗಗಳೂ ಇಲ್ಲಿಯವಲ್ಲ. ರೈಲಿನ ದರೋಡೆಯ ದೃಶ್ಯ ಮುಂಬಯಿ–ಪುಣೆ ಮಾರ್ಗದ ಪನವೇಲ್ ಬಳಿ ಚಿತ್ರಿತವಾದದ್ದು. ಸೆರೆಮನೆಯ ದೃಶ್ಯಗಳು ಮುಂಬಯಿಯ ರಾಜಕಮಲ್ ಸ್ಟುಡಿಯೋದವು. ಆದರೆ ಜನಮಾನಸದಲ್ಲಿ ಇಡೀ ಚಿತ್ರವೇ ರಾಮನಗರದ್ದು. ದೊಡ್ಡ ಕಥನವೊಂದು ತನ್ನ ಬಿಡಿ ಘಟನೆಗಳನ್ನೆಲ್ಲ ಒಂದೇ ನೆಲಕ್ಕೆ ಎಳೆದುಕೊಳ್ಳುವ ಈ ಪ್ರವೃತ್ತಿ ರಾಮಾಯಣ, ಮಹಾಭಾರತಗಳ ಸ್ಥಳೀಯ ಐತಿಹ್ಯಗಳಲ್ಲಿ ನಮಗೆ ಚಿರಪರಿಚಿತ.

ಚಿತ್ರವು ತುರ್ತುಪರಿಸ್ಥಿತಿಯ ಆರಂಭದ ದಿನಗಳಲ್ಲಿ ಬಿಡುಗಡೆಯಾಯಿತು. ಠಾಕೂರನು ಗಬ್ಬರ್‌ಸಿಂಗನನ್ನು ಮುಳ್ಳುಗಳಿದ್ದ ಪಾದರಕ್ಷೆಗಳಿಂದ ತುಳಿದು ಕೊಲ್ಲುವ ಮೂಲ ಅಂತ್ಯಕ್ಕೆ ಸೆನ್ಸಾರ್ ಮಂಡಳಿಯ ಆಕ್ಷೇಪ ಬಂದುದರಿಂದ, ಕೊನೆಗೆ ಪೊಲೀಸರು ಬಂದು ಅವನನ್ನು ವಶಪಡಿಸಿಕೊಳ್ಳುವಂತೆ ಮರುಚಿತ್ರಿಸಲಾಯಿತು. ಮೂಲ ಅಂತ್ಯವನ್ನುಳ್ಳ ಪುನರುಜ್ಜೀವಿತ ಪ್ರತಿಯು 2025ರಲ್ಲಿ ಇಟಲಿಯ ಬೊಲೊನ್ಯಾ ನಗರದಲ್ಲಿ ಪ್ರದರ್ಶಿತವಾಯಿತು. ಹೀಗಾಗಿ ಇದು ಎರಡು ಅಂತ್ಯಗಳುಳ್ಳ ಕಥೆ. ಪಾಠಾಂತರಗಳೊಡನೆ ಸದಾ ವ್ಯವಹರಿಸುವ ಜಾನಪದ ಅಧ್ಯಯನಕಾರನಿಗೆ ಇದು ಅಚ್ಚರಿಯ ವಿಷಯವೇನಲ್ಲ.

ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಓಡಿದ ಈ ಚಿತ್ರದ ಇನ್ನೊಂದು ವಿಶೇಷವೆಂದರೆ, ಹಾಡುಗಳಷ್ಟೇ ಅಲ್ಲದೆ ಅದರ ಸಂಭಾಷಣೆಯೂ ಧ್ವನಿಮುದ್ರಿಕೆಯಾಗಿ ಹೊರಬಂದು ವ್ಯಾಪಕವಾಗಿ ಮಾರಾಟವಾದದ್ದು. ಚಿತ್ರವನ್ನು ನೋಡದವರೂ ಅದನ್ನು ಕೇಳಿ ಬಲ್ಲವರಾದರು. ಕೇಳಿ ಕಲಿತದ್ದನ್ನು ಒಪ್ಪಿಸುವ, ಒಪ್ಪಿಸುವಾಗ ತನ್ನದೇ ಮಾತು ಸೇರಿಸುವ ಮೌಖಿಕ ಪರಂಪರೆಯ ಕ್ರಮಕ್ಕೆ ಅದು ಹೊಸ ಸಾಮಗ್ರಿಯನ್ನು ಒದಗಿಸಿತು. ಈ ಮಾತಿಗೆ ಚಿಕ್ಕೋಡಿ ಸೀಮೆಯಲ್ಲಿ ಬೆಳೆದ ನಮ್ಮಂಥವರ ಬಾಲ್ಯವೇ ಸಾಕ್ಷಿ.

4. ಗಡಿಸೀಮೆಯ ಅನುಭವ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಪ್ರದೇಶ. ಹತ್ತಿರದ ದೊಡ್ಡ ಪೇಟೆ ಕೊಲ್ಹಾಪುರ. ಬಾಬುರಾವ್ ಪೇಂಟರ್ ಮೂಕಿಚಿತ್ರಗಳನ್ನು ತೆಗೆದ, 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಸ್ಥಾಪನೆಯಾಗಿ ಮುಂದೆ ಪುಣೆಗೆ ಹೋದ ಆ ನಗರದ ಪ್ರಭಾವ ನಮ್ಮ ಹಳ್ಳಿಗಳ ಮನರಂಜನೆಯ ಮೇಲೆ ಇದ್ದೇ ಇತ್ತು. ಮನೆಮಾತು ಕನ್ನಡವಾದರೂ ಚಿತ್ರದ ಮಾತು ಮರಾಠಿ ಇಲ್ಲವೇ ಹಿಂದಿ. ಜಾತ್ರೆಗಳಲ್ಲಿ ಶ್ರೀಕೃಷ್ಣ ಪಾರಿಜಾತದ ಅಟ್ಟದ ಆಚೆಗೆ ಟೂರಿಂಗ್ ಟಾಕೀಸಿನ ಡೇರೆ. ಸಂತೆಯ ದಿನ ಚಹದಂಗಡಿಯಲ್ಲಿ ‘ಶೋಲೆ’ಯ ಸಂಭಾಷಣೆಯ ಕ್ಯಾಸೆಟ್ ಹಾಕುತ್ತಿದ್ದರು, ನಾವು ಹುಡುಗರು ಹೊರಗೆ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದೆವು. ಅರ್ಥವಾದದ್ದು ಅರ್ಧ. ಉಳಿದರ್ಧವನ್ನು ನಮ್ಮ ಕನ್ನಡದಲ್ಲಿ ತುಂಬಿಕೊಂಡು ಆಟವಾಡುತ್ತಿದ್ದೆವು. ಆ ಆಟದಲ್ಲಿ ಗಬ್ಬರ್‌ಸಿಂಗನಾಗಲು ಎಲ್ಲರಿಗೂ ಆಸೆ, ಠಾಕೂರನಾಗಲು ಯಾರಿಗೂ ಮನಸ್ಸಿಲ್ಲ. ಆ ಊರು, ಆ ಬಂಡೆಗಳು ಕರ್ನಾಟಕದಲ್ಲಿಯೇ ಇವೆಯೆಂಬುದು ನಮಗೆ ತಿಳಿದಿರಲಿಲ್ಲ. ಕನ್ನಡ ನೆಲದ ಕಲ್ಲುಗಳನ್ನು ನಾವು ಉತ್ತರ ದೇಶದ ಕಲ್ಲುಗಳೆಂದು ನಂಬಿ ಬೆಳೆದೆವು.

ಗಬ್ಬರ್‌ಸಿಂಗನ ಕಡೆಗಿನ ಈ ಒಲವನ್ನು ಕೇವಲ ಬಾಲಿಶವೆಂದು ತಳ್ಳಿಹಾಕುವಂತಿಲ್ಲ. ಗಬ್ಬರ್ ಎಂಬ ಹೆಸರಿನ ಡಕಾಯಿತನೊಬ್ಬ 1950ರ ದಶಕದಲ್ಲಿ ಗ್ವಾಲಿಯರ್ ಸೀಮೆಯಲ್ಲಿ ನಿಜವಾಗಿಯೂ ಇದ್ದ. ಚಿತ್ರದ ಪಾತ್ರವಂತೂ ಕ್ರೌರ್ಯದ ಮೂರ್ತಿಯೇ; ಅದರಲ್ಲಿ ಬಡವರ ಬಂಧುವಿನ ಲಕ್ಷಣವಿಲ್ಲ. ನಮ್ಮ ಭಾಗದ ಲಾವಣಿಗಳು ಮತ್ತು ಬಯಲಾಟಗಳು ಕೊಂಡಾಡುವ ಬಂಡುಕೋರರು ಬೇರೆಯೇ ಬಗೆಯವರು. ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿದವರು. ಜತ್ತ ಸಂಸ್ಥಾನದ ಸಿಂಧೂರ ಲಕ್ಷ್ಮಣ ಸರ್ಕಾರದ ಖಜಾನೆಯನ್ನು ದೋಚಿ ಬಡವರಿಗೆ ಹಂಚಿದನೆಂದು ಜನರು ಹಾಡುತ್ತಾರೆ, ಆಡಿ ತೋರಿಸುತ್ತಾರೆ. ಇವರೊಂದಿಗೆ ಗಬ್ಬರನನ್ನು ಸಮೀಕರಿಸುವುದು ಸರಿಯಲ್ಲ. ಆದರೆ ಒಂದು ಸಮಾನ ಅಂಶವಿದೆ. ಜನಪದ ಕಲ್ಪನೆಯಲ್ಲಿ ಊರು ಆಳುವವರದು, ಗುಡ್ಡ ಆಳ್ವಿಕೆಗೆ ಹೊರಗಾದವನದು. ಸಿಂಧೂರ ಲಕ್ಷ್ಮಣನ ಕಥೆಯಲ್ಲಿ ಗುಡ್ಡವೇ ಅವನ ಮನೆ. ರಾಮದೇವರಬೆಟ್ಟದಲ್ಲಿಯೂ ಸಂದರ್ಶಕರು ಮೊದಲು ಕೇಳುವುದು ಗಬ್ಬರನ ಬಂಡೆಯನ್ನು. ಠಾಕೂರನ ಮನೆಯ ವಿಚಾರ ಆನಂತರದ್ದು. ಕಟ್ಟಿದ ಹಳ್ಳಿ ಹೋಯಿತು, ಬಂಡೆ ಉಳಿಯಿತು ಎಂಬುದು ಇದಕ್ಕೆ ಒಂದು ಕಾರಣ. ಗುಡ್ಡದ ಒಡೆತನ ಬಂಡುಕೋರನದೆಂಬ ಹಳೆಯ ಆಶಯ ಇನ್ನೊಂದು ಕಾರಣವೆಂದು ತೋರುತ್ತದೆ.

5. ಇಲ್ಲದ್ದನ್ನು ಕಾಣುವುದು: ಯಡೂರಿನ ನಂದಿಯ ನಿದರ್ಶನ

ಇಲ್ಲದ ವಸ್ತು ಕಥನವನ್ನು ಹೇಗೆ ಬೆಳೆಸುತ್ತದೆ ಎಂಬುದಕ್ಕೆ ಚಿಕ್ಕೋಡಿ ಸೀಮೆಯಲ್ಲಿಯೇ ಒಂದು ಸಮರ್ಪಕ ನಿದರ್ಶನವಿದೆ. ಕೃಷ್ಣಾ ನದಿಯ ದಂಡೆಯ ಖಿದ್ರಾಪುರವು ಇಂದು ಮಹಾರಾಷ್ಟ್ರದ ಶಿರೋಳ ತಾಲೂಕಿಗೆ ಸೇರಿದೆ. ಅಲ್ಲಿಯ ಕೋಪೇಶ್ವರ ದೇವಾಲಯ ಶಿಲಾಹಾರರ ಕಾಲದ, 12ನೆಯ ಶತಮಾನದ ನಿರ್ಮಾಣ. ಛಾವಣಿಯ ನಡುವೆ ವೃತ್ತಾಕಾರದ ತೆರಪುಳ್ಳ ಸ್ವರ್ಗಮಂಟಪದಿಂದ ಅದು ಖ್ಯಾತವಾಗಿದೆ. ಅಲ್ಲಿ ಕನ್ನಡ ಶಾಸನಗಳೂ ಇವೆ. ಶಿವಾಲಯವಾದರೂ ಲಿಂಗದೆದುರು ನಂದಿಯಿಲ್ಲ. ಏಕಿಲ್ಲ ಎಂಬುದಕ್ಕೆ ಜನರು ಕೊಡುವ ವಿವರಣೆ ಹೀಗಿದೆ: ದಾಕ್ಷಾಯಣಿಯು ತಂದೆಯ ಯಜ್ಞಕ್ಕೆ ನಂದಿಯನ್ನೇರಿ ಹೊರಟುಹೋದಳು, ಯಜ್ಞ ನಡೆದದ್ದು ಯಡೂರಿನಲ್ಲಿ, ಸತಿಯ ಅಗಲಿಕೆಯಿಂದ ಕುಪಿತನಾದ ಶಿವ ಇಲ್ಲಿ ಕೋಪೇಶ್ವರನಾದ, ನಂದಿ ಅಲ್ಲಿಯೇ ಉಳಿಯಿತು. ಯಡೂರು ಚಿಕ್ಕೋಡಿ ತಾಲೂಕಿನಲ್ಲಿ ಅದೇ ಕೃಷ್ಣೆಯ ದಂಡೆಯಲ್ಲಿರುವ ಪ್ರಸಿದ್ಧ ವೀರಭದ್ರ ಕ್ಷೇತ್ರ. ದಕ್ಷಯಜ್ಞವನ್ನು ಧ್ವಂಸಗೊಳಿಸಿದ ವೀರಭದ್ರ ಅಲ್ಲಿ ನೆಲೆಸಿರುವುದರಿಂದ ಕಥೆಗೆ ಪೂರ್ಣತೆ ಒದಗುತ್ತದೆ. ಅಲ್ಲಿ ಒಂಟಿಯಾಗಿರುವ ನಂದಿಯನ್ನು ಖಿದ್ರಾಪುರದ ನಂದಿಯೆಂದೇ ಜನ ಹೇಳುತ್ತಾರೆ.

ಈ ಕಥನವು ಮೂರು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದಾಗಿ, ಇಲ್ಲದಿರುವುದನ್ನು ಕೊರತೆಯೆಂದು ಬಿಡದೆ ಅದಕ್ಕೆ ಒಂದು ಕಾರಣವನ್ನು ಕೊಡುತ್ತದೆ. ಎರಡನೆಯದಾಗಿ, ಎರಡು ದಂಡೆಯ ಊರುಗಳನ್ನು, ಇಂದು ಎರಡು ರಾಜ್ಯಗಳಲ್ಲಿ ಹಂಚಿಹೋಗಿರುವ ಜನರನ್ನು ಒಂದೇ ಕಥೆಯ ಪಾಲುದಾರರನ್ನಾಗಿಸುತ್ತದೆ. ಮೂರನೆಯದಾಗಿ, ನೋಡುವವನನ್ನು ನಡೆಯುವಂತೆ ಮಾಡುತ್ತದೆ. ಖಿದ್ರಾಪುರವನ್ನು ಕಂಡವನಿಗೆ ಯಡೂರನ್ನು ಕಾಣದೆ ಸಮಾಧಾನವಿಲ್ಲ. ರಾಮದೇವರಬೆಟ್ಟಕ್ಕೆ ಬರುವ ‘ಶೋಲೆ’ಯ ಅಭಿಮಾನಿಯಲ್ಲಿಯೂ ಇದೇ ಮೂರು ಕ್ರಿಯೆಗಳು ನಡೆಯುತ್ತವೆ. ಇಲ್ಲದ ಹಳ್ಳಿಗೆ ಅವನು ಕಾರಣ ಕೇಳುತ್ತಾನೆ. ಬೇರೆ ಬೇರೆ ಭಾಷೆಯ ಅಪರಿಚಿತರು ಒಂದೇ ಸಂಭಾಷಣೆಯನ್ನು ಕೂಗಿ ಹೇಳಿ ಪರಸ್ಪರ ನಗುತ್ತಾರೆ. ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ಅಲೆಯುತ್ತಾರೆ.

ಅಮೆರಿಕದ ವಿದ್ವಾಂಸ ವಿಲಿಯಂ ಬ್ಯಾಸ್ಕಮ್ 1965ರಲ್ಲಿ ಗದ್ಯಕಥನಗಳನ್ನು ಪುರಾಣ, ಐತಿಹ್ಯ, ಜನಪದ ಕಥೆ ಎಂದು ವಿಂಗಡಿಸಿದಾಗ ನಂಬಿಕೆಯನ್ನು ಮುಖ್ಯ ಮಾನದಂಡವಾಗಿ ಇಟ್ಟುಕೊಂಡನು. ಪುರಾಣ ಮತ್ತು ಐತಿಹ್ಯಗಳನ್ನು ಹೇಳುವವರು ನಿಜವೆಂದು ನಂಬುತ್ತಾರೆ, ಕಥೆಯನ್ನು ಕಲ್ಪಿತವೆಂದು ಬಲ್ಲರು. ‘ಶೋಲೆ’ಯ ತಾಣದಲ್ಲಿ ಈ ಗೆರೆ ಅಳಿಸಿಹೋಗುತ್ತದೆ. ಗಬ್ಬರನು ಕಲ್ಪಿತನೆಂಬುದು ಎಲ್ಲರಿಗೂ ಗೊತ್ತು. ಆದರೆ ‘ಗಬ್ಬರನು ನಿಂತದ್ದು ಈ ಬಂಡೆಯ ಮೇಲೆಯೇ’ ಎಂಬ ಹೇಳಿಕೆಯನ್ನು ಜನ ನಿಜ ಅಥವಾ ಸುಳ್ಳು ಎಂದು ಗಂಭೀರವಾಗಿ ವಾದಿಸುತ್ತಾರೆ. ಕಥೆ ಸುಳ್ಳು, ಸ್ಥಳ ನಿಜ. ಕಲ್ಪಿತ ಕಥೆಯೊಂದು ಸ್ಥಳದ ಮಟ್ಟಿಗೆ ಐತಿಹ್ಯವಾಗುವ ಈ ಬಗೆಯನ್ನು ನಾವು ‘ಚಿತ್ರೈತಿಹ್ಯ’ ಎಂದು ಕರೆಯಬಹುದು. ಇದರ ಜೊತೆಗೆ ಎರಡನೆಯ ಹಂತದ ಐತಿಹ್ಯವೂ ಇದೆ. ಅದು ಚಿತ್ರದ ಕಥೆಯದಲ್ಲ, ಚಿತ್ರೀಕರಣದ್ದು. ಸುತ್ತಲಿನ ಹಳ್ಳಿಗಳ ಜನ ಆಗ ಕೂಲಿಗಳಾಗಿ, ದೃಶ್ಯಗಳಲ್ಲಿ ನಿಲ್ಲುವವರಾಗಿ ಕೆಲಸ ಮಾಡಿದ್ದರು. ಬೆಟ್ಟದ ಬುಡದ ಒಂದು ಬಡಾವಣೆಗೆ ನಿರ್ದೇಶಕರ ಹೆಸರಿನಿಂದ ಸಿಪ್ಪಿನಗರವೆಂಬ ಹೆಸರು ಬಂದದ್ದು ಆ ನೆನಪಿನ ಕುರುಹು. ಚಿತ್ರವನ್ನು ಯಾವಾಗ ಬೇಕಾದರೂ ಮತ್ತೆ ನೋಡಬಹುದು. ಚಿತ್ರೀಕರಣದ ನೆನಪು ಮಾತ್ರ ಕಂಡವರ ಬಾಯಲ್ಲಿ ಮಾತ್ರ ಇರುವಂಥದು. ಅಂದು 20 ವರ್ಷದವರಾಗಿದ್ದವರಿಗೆ ಇಂದು 70 ದಾಟಿದೆ. ಜಾನಪದ ಸಂಗ್ರಾಹಕರ ಗಮನ ಮೊದಲು ಹರಿಯಬೇಕಾದದ್ದು ಇತ್ತ ಕಡೆಗೆ.

6. ಕಟ್ಟಬೇಕೆ, ಬಿಡಬೇಕೆ?

ಚಿತ್ರತಾಣವನ್ನು ಪ್ರವಾಸಿತಾಣವಾಗಿ ಮಾರ್ಪಡಿಸಿದ ನಿದರ್ಶನಗಳು ಜಗತ್ತಿನಲ್ಲಿ ಅನೇಕ. ನ್ಯೂಜಿಲೆಂಡಿನ ಮಾಟಾಮಾಟಾ ಬಳಿಯ ಕೃಷಿಭೂಮಿಯಲ್ಲಿ ‘ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಕ್ಕಾಗಿ ನಿರ್ಮಿಸಿದ ಹಾಬಿಟನ್ ಹಳ್ಳಿಯನ್ನು ಮೊದಲು ಬಹುಮಟ್ಟಿಗೆ ಕಳಚಿದ್ದರು. ಮುಂದಿನ ಚಿತ್ರಗಳ ಸಂದರ್ಭದಲ್ಲಿ ಅದನ್ನು ಶಾಶ್ವತ ಸಾಮಗ್ರಿಗಳಿಂದ ಮತ್ತೆ ಕಟ್ಟಿ ಪ್ರವಾಸಿಗರಿಗೆ ಉಳಿಸಿದರು. ನಮ್ಮಲ್ಲಿಯೂ ಇದಕ್ಕೆ ಹೋಲುವ ಪ್ರಯತ್ನವಾಗಿದೆ. ಆರ್.ಕೆ. ನಾರಾಯಣ್ ಅವರ ಕಲ್ಪಿತ ಊರನ್ನು ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗಾಗಿ ಆಗುಂಬೆಯಲ್ಲಿ ಸಾಕಾರಗೊಳಿಸಿದಾಗ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲುನಿಲ್ದಾಣವೂ ಅದರಲ್ಲಿ ಸೇರಿತ್ತು. ಅದರ ಹಳೆಯ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ತೆರೆದರು. ಶಿಥಿಲವಾಗುತ್ತಿದ್ದ ನಿಜವಾದ ಕಟ್ಟಡವೊಂದು ಇದರಿಂದ ಉಳಿಯಿತು. ಅಲ್ಲಿ ಕಥೆ ಕಟ್ಟಡವನ್ನು ಕಾಪಾಡಿತು.

ರಾಮದೇವರಬೆಟ್ಟದಲ್ಲಿ ಪರಿಸ್ಥಿತಿ ಹಾಗಿಲ್ಲ. 2017ರ ಸುಮಾರಿಗೆ ‘ಶೋಲೆ’ಯ ಹಳ್ಳಿಯನ್ನು ನವೀನ ತಂತ್ರಜ್ಞಾನದ ಮೂಲಕ ಪ್ರವಾಸಿಗರಿಗೆ ಮತ್ತೆ ಕಾಣಿಸುವ ಆಲೋಚನೆ ಪ್ರವಾಸೋದ್ಯಮದ ವಲಯದಲ್ಲಿ ಬಂದಾಗ ಪರಿಸರಾಸಕ್ತರು ಆಕ್ಷೇಪಿಸಿದರು. ಅದಕ್ಕೆ ಕಾರಣ ಈ ಬಂಡೆಗಳ ಇನ್ನೊಂದು ಸಂತತಿ. ಇಲ್ಲಿನ ಕಡಿದಾದ ಬಂಡೆಗಳ ಚಾಚುಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತ ಬಂದಿವೆ. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿ ಇದು; ಗೂಡಿಗೆ ಒಮ್ಮೆ ಅಡಚಣೆಯಾದರೆ ಆ ವರ್ಷದ ಸಂತಾನವೇ ಇಲ್ಲ. ಸತ್ತ ದನಗಳ ದೇಹದಲ್ಲಿ ಉಳಿದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧವು ರಣಹದ್ದುಗಳ ಮೂತ್ರಪಿಂಡವನ್ನು ನಾಶಮಾಡುತ್ತದೆಂಬುದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. 1990ರ ದಶಕದಿಂದ ಭಾರತದ ಪ್ರಮುಖ ರಣಹದ್ದು ಪ್ರಭೇದಗಳು ಶೇಕಡ 95ಕ್ಕೂ ಹೆಚ್ಚು ಕುಸಿದುಹೋದವು. 2006ರಲ್ಲಿ ದನಗಳ ಚಿಕಿತ್ಸೆಯಲ್ಲಿ ಈ ಔಷಧದ ಬಳಕೆಯನ್ನು ಸರ್ಕಾರ ನಿಷೇಧಿಸಿತು. 2012ರಲ್ಲಿ ರಾಮದೇವರಬೆಟ್ಟದ 346.14 ಹೆಕ್ಟೇರ್ ಪ್ರದೇಶವನ್ನು ರಣಹದ್ದುಧಾಮವೆಂದು ಘೋಷಿಸಲಾಯಿತು. ರಣಹದ್ದುಗಳಿಗೆಂದೇ ದೇಶದಲ್ಲಿ ಮೀಸಲಾದ ಮೊದಲ ಧಾಮವಿದು. ಇಲ್ಲಿ ಉಳಿದಿರುವ ಹಕ್ಕಿಗಳು ಬೆರಳೆಣಿಕೆಯಷ್ಟು.

ಹೀಗಾಗಿ ಬೆಟ್ಟದಲ್ಲಿ ಮೂರು ಹಕ್ಕುಗಳು ಎದುರುಬದುರಾಗಿವೆ: ರಾಮನ ದರ್ಶನಕ್ಕೆ ಬರುವವರದು, ರಾಮಗಢವನ್ನು ಹುಡುಕಿ ಬರುವವರದು, ಗೂಡು ಕಟ್ಟುವ ಹಕ್ಕಿಯದು. ಮೊದಲಿನ ಎರಡಕ್ಕೆ ಬಾಯಿದೆ, ಮೂರನೆಯದಕ್ಕೆ ಇಲ್ಲ. ಗಬ್ಬರನ ಮಾತನ್ನು ಬಂಡೆಗೆ ಮುಖಮಾಡಿ ಕೂಗಿ ಪ್ರತಿಧ್ವನಿ ಕೇಳುವುದು ಇಲ್ಲಿನ ಸಂದರ್ಶಕರ ಒಂದು ಸಹಜ ವಿಧಿಯೇ ಆಗಿಬಿಟ್ಟಿದೆ. ಕೂಗುವವನಿಗೆ ಅದು ಕ್ಷಣದ ಸಂತೋಷ. ಬಂಡೆಯ ಚಾಚಿನಲ್ಲಿ ಮರಿಗೆ ಕಾವು ಕೊಡುವ ಹಕ್ಕಿಗೆ ಅದು ಏನು ಎಂಬುದನ್ನು ಆತ ಯೋಚಿಸಿರುವುದಿಲ್ಲ. ಈ ಲೇಖಕನೂ ಮೊದಲ ಭೇಟಿಯಲ್ಲಿ ಬಾಲ್ಯದ ಚಹದಂಗಡಿಯನ್ನು ನೆನೆದು ಹಾಗೆಯೇ ಕೂಗಿದವರಲ್ಲಿ ಒಬ್ಬನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಧಾಮದ ವಿಚಾರ ತಿಳಿದದ್ದು ಇಳಿದು ಬಂದ ಮೇಲೆ.

ಇಲ್ಲಿ ಜಾನಪದ ಅಧ್ಯಯನವು ಬರಿಯ ವಿವರಣೆಗೆ ನಿಲ್ಲದೆ ಒಂದು ಸಲಹೆಯನ್ನೂ ಕೊಡಬಲ್ಲುದು. ರಾಮಾಯಣದಲ್ಲಿ ಹದ್ದಿಗೆ ಗೌರವದ ಸ್ಥಾನವಿದೆ. ರಾವಣನನ್ನು ತಡೆದು ರೆಕ್ಕೆ ಕಳೆದುಕೊಂಡ ಜಟಾಯುವಿಗೆ ರಾಮನೇ ಮಗನಂತೆ ಅಂತ್ಯಕ್ರಿಯೆ ಮಾಡಿದನು. ರಾಮನು ತಂಗಿದ್ದನೆನ್ನುವ ಬೆಟ್ಟದಲ್ಲಿ ಜಟಾಯುವಿನ ಕುಲದ ಹಕ್ಕಿ ಇಂದಿಗೂ ಗೂಡು ಕಟ್ಟುತ್ತಿದೆ ಎಂಬುದನ್ನು ಭಕ್ತರಿಗೆ ಹೇಳಲು ಹೊಸ ಕಥೆಯನ್ನು ಹೊಸೆಯಬೇಕಾಗಿಲ್ಲ. ಇರುವ ಕಥೆಯನ್ನು ನೆನಪಿಸಿದರೆ ಸಾಕು. ಕಾಗೆ ಬಾರದ ಬೆಟ್ಟವೆಂಬ ಐತಿಹ್ಯದ ಪಕ್ಕದಲ್ಲಿ ಹದ್ದು ಬಿಡದ ಬೆಟ್ಟವೆಂಬ ಮಾತು ಸಲೀಸಾಗಿ ನಿಲ್ಲುತ್ತದೆ. ಚಿತ್ರವನ್ನು ಹುಡುಕಿ ಬಂದವರಿಗೂ ಒಂದು ಸೂಚನೆ ಅದರೊಳಗೇ ಇದೆ. ದುಷ್ಟನನ್ನು ಎದುರಿಸಿ ಎರಡೂ ತೋಳುಗಳನ್ನು ಕಳೆದುಕೊಂಡ ಠಾಕೂರನಿಗೂ, ಎರಡೂ ರೆಕ್ಕೆಗಳನ್ನು ಕಳೆದುಕೊಂಡ ಜಟಾಯುವಿಗೂ ಅಂಗಚ್ಛೇದದ ಆಶಯದಲ್ಲಿ ಸಾಮ್ಯವಿದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ಎರಡು ಕಥನಗಳನ್ನು ಒಂದೇ ಬೆಟ್ಟದ ಮೇಲೆ ಕೇಳುವವನಿಗೆ ಈ ಸಾಮ್ಯ ಹೊಳೆಯದೆ ಇರದು.

7. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳನ್ನು ಸಂಗ್ರಹಿಸಬಹುದು. ಚಲನಚಿತ್ರವು ಜಾನಪದವನ್ನು ಅಳಿಸುವ ಶಕ್ತಿಯೆಂದು ಮಾತ್ರ ಭಾವಿಸುವುದು ಏಕಮುಖವಾದ ನಿಲುವು. ರಾಮದೇವರಬೆಟ್ಟದಲ್ಲಿ ಚಿತ್ರವು ಹಳೆಯ ಐತಿಹ್ಯಗಳ ರಚನೆಯನ್ನೇ ಅನುಸರಿಸಿ ಹೊಸ ಐತಿಹ್ಯಗಳನ್ನು ಹುಟ್ಟಿಸಿದೆ. ಇಲ್ಲದಿರುವುದೇ ಸಾಕ್ಷಿಯಾಗುವ ಆಶಯ, ಗುಡ್ಡವು ಬಂಡುಕೋರನದೆಂಬ ಆಶಯ, ಬಿಡಿ ಘಟನೆಗಳನ್ನು ಒಂದೇ ನೆಲಕ್ಕೆ ತರುವ ಪ್ರವೃತ್ತಿ ಇವೆಲ್ಲ ಅಲ್ಲಿ ಮೊದಲೇ ಇದ್ದವು ಅಥವಾ ನಮ್ಮ ಬೇರೆ ಸೀಮೆಗಳಲ್ಲಿ ಇದ್ದವು. ಎರಡನೆಯದಾಗಿ, ಇಂತಹ ತಾಣದಲ್ಲಿ ಸಂಗ್ರಹಿಸಬೇಕಾದ ಸಾಮಗ್ರಿ ಎರಡು ಬಗೆಯದು. ಚಿತ್ರದ ಕಥೆಗೆ ಅಂಟಿದ ಐತಿಹ್ಯ ಬೆಳೆಯುತ್ತಲೇ ಇರುತ್ತದೆ. ಚಿತ್ರೀಕರಣದ ನೆನಪು ಮುಗಿಯುತ್ತಿದೆ. ಮೂರನೆಯದಾಗಿ, ಇಲ್ಲದ ಊರನ್ನು ಕಟ್ಟಿ ತೋರಿಸಲೇಬೇಕೆಂಬ ಒತ್ತಡಕ್ಕೆ ಸ್ಥಳಪುರಾಣದ ಅಧ್ಯಯನವು ಒಂದು ಉತ್ತರವನ್ನು ಕೊಡುತ್ತದೆ. ಖಿದ್ರಾಪುರದಲ್ಲಿ ಯಾರೂ ಹೊಸ ನಂದಿಯನ್ನು ತಂದು ಕೂರಿಸಿಲ್ಲ. ಕೂರಿಸಿದ್ದರೆ ಯಡೂರಿನ ದಾರಿ ಮುಚ್ಚಿಹೋಗುತ್ತಿತ್ತು, ಕಥೆ ಅಲ್ಲಿಗೆ ನಿಲ್ಲುತ್ತಿತ್ತು. ರಾಮಗಢವೂ ಹಾಗೆಯೇ. ಅದು ಐವತ್ತು ವರ್ಷ ಬಾಳಿದ್ದು ಇಲ್ಲದಿರುವುದರಿಂದಲೇ.

ಜಾನಪದ ಲೋಕದಂತಹ ಸಂಸ್ಥೆ ಬೆಟ್ಟದಿಂದ ಕೂಗಳತೆಯಲ್ಲೆಂಬಷ್ಟು ಹತ್ತಿರದಲ್ಲಿದೆ. ಬೆಟ್ಟದ ರಾಮಕಥೆಗಳನ್ನೂ ಸಿಪ್ಪಿನಗರದ ಹಿರಿಯರ ನೆನಪುಗಳನ್ನೂ ಧ್ವನಿಮುದ್ರಿಸಿ ಊರಿನಲ್ಲಿಯೇ ಕೇಳಿಸುವ ವ್ಯವಸ್ಥೆಯಾದರೆ ಚಿತ್ರಪ್ರೇಮಿಗಳಿಗೆ ಅವರು ಹುಡುಕಿ ಬಂದದ್ದು ಅಲ್ಲಿಯೇ ದೊರೆಯುತ್ತದೆ. ಬಂಡೆಗಳ ಬಳಿ ಸದ್ದು ತಗ್ಗುತ್ತದೆ. ಈ ಲೇಖಕ ಎರಡನೆಯ ಸಲ ಬೆಟ್ಟಕ್ಕೆ ಹೋದದ್ದು ಊರಿನ ಕೆಲವು ವಿದ್ಯಾರ್ಥಿಗಳೊಂದಿಗೆ. ಮೆಟ್ಟಿಲೇರುವ ಮುನ್ನ ಅವರಿಗೆ ಜಟಾಯುವಿನ ಕಥೆಯನ್ನು ಹೇಳಿದ್ದೆ. ಗಬ್ಬರನ ಬಂಡೆ ಯಾವುದೆಂದು ಅವರೂ ಕೇಳಿದರು, ಯಾವುದೋ ಒಂದನ್ನು ತೋರಿಸಿದೆ. ಯಾರೂ ಕೂಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎದುರಿನ ಬಂಡೆಯ ಮೇಲೆ ಅಗಲ ರೆಕ್ಕೆಯ ಹಕ್ಕಿಯೊಂದು ಸುತ್ತು ಹಾಕಿ ಇಳಿಯಿತು. ಅದು ರಣಹದ್ದೇ ಹೌದೋ ಅಲ್ಲವೋ ಎಂಬ ಬಗ್ಗೆ ವಿದ್ಯಾರ್ಥಿಗಳು ಬೆಟ್ಟ ಇಳಿಯುವವರೆಗೂ ವಾದಿಸುತ್ತಿದ್ದರು.